ಕಡಲಿಗೂ ಬೇಕು ರಜೆ

ಜೂನ್ ತಿಂಗಳು. ಮಳೆ ಜಡಿ ಹಿಡಿದಿದೆ. ಮಲ್ಪೆ ಬಂದರಿಗೆ ಹೋಗಿ ನೋಡಿ. ಬೋಟಿಗೆ ಬೋಟು ತಾಗಿಸಿ ಕಟ್ಟಿದ್ದಾರೆ. ಸಾಲು ಸಾಲು ಬೋಟುಗಳು. ಒಂದೂ ಕಡಲಿಗೆ ಇಳಿಯುವುದಿಲ್ಲ. ಹರಾಜಿನ ಕೂಗು ಇಲ್ಲ. ಐಸ್ ಒಡೆಯುವ ಸದ್ದು ಇಲ್ಲ. ಶೆಡ್ಡಿನೊಳಗೆ ನಾಲ್ಕು ಜನ ಕೂತು ಹರಿದ ಬಲೆ ಸರಿ ಮಾಡುತ್ತಿದ್ದಾರೆ, ಅಷ್ಟೇ.

ಮಂಗಳೂರು, ಗಂಗೊಳ್ಳಿ, ಭಟ್ಕಳ, ತದಡಿ, ಕಾರವಾರ. ಎಲ್ಲಿ ಹೋದರೂ ಇದೇ ನೋಟ.

"ಶಾಲೆ ಶುರುವಾಗುವ ಹೊತ್ತಿಗೇ ಕೈ ಖಾಲಿ. ಮಕ್ಕಳಿಗೆ ಪುಸ್ತಕ ತರ್ಬೇಕು, ಕೊಡೆ ತರ್ಬೇಕು. ಈ ರಜೆ ಯಾರಿಗೆ ಬೇಕಿತ್ತು?"

ಮೀನುಗಾರರ ಮನೆಗಳಲ್ಲಿ ವರ್ಷ ವರ್ಷವೂ ಕೇಳುವ ಮಾತು ಇದು. ಸುಳ್ಳಲ್ಲ. ಎರಡು ತಿಂಗಳು ದುಡಿಮೆ ನಿಂತರೆ ಸಾಲವೇ ಗತಿ. ಹಾಗಾದರೆ ಈ ರಜೆ ಯಾಕೆ? ಇದರಿಂದ ಯಾರಿಗೆ ಲಾಭ? ಬನ್ನಿ, ನಿಧಾನವಾಗಿ ನೋಡೋಣ.

ಬಸುರಿ ಮೀನು

ಮಳೆಗಾಲದಲ್ಲಿ ನದಿಗಳು ಕೆಂಪು ನೀರು ಹೊತ್ತು ಕಡಲಿಗೆ ಬರುತ್ತವೆ. ಆ ನೀರಿನಲ್ಲಿ ಕಾಡಿನ, ಗದ್ದೆಯ ಸಾರ ಇರುತ್ತದೆ. ಅದೇ ಹೊತ್ತಿಗೆ ಕಡಲಿನ ಆಳದಿಂದ ತಣ್ಣನೆಯ ನೀರು ಮೇಲೆ ಬರುತ್ತದೆ. ಅದರಲ್ಲೂ ಸಾರ ಉಂಟು. ಈ ಸಾರ ಹೀರಿ ನೀರಿನಲ್ಲಿ ಸಣ್ಣ ಸಣ್ಣ ಸಸ್ಯಗಳು ಬೆಳೆಯುತ್ತವೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಮರಿ ಮೀನಿಗೆ ಇದೇ ಊಟ.

ತಾಯಿ ಮೀನಿಗೆ ಇದು ಗೊತ್ತು. ಮರಿಗೆ ಊಟ ಸಿಗುವ ಕಾಲದಲ್ಲೇ ಅದು ಮೊಟ್ಟೆ ಇಡುತ್ತದೆ. ಬೂತಾಯಿ ಹೆಚ್ಚಾಗಿ ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಕೆಲವು ಕಡೆ ಬೂತಾಯಿಗೆ ತಾರ್ಲೆ ಎನ್ನುತ್ತಾರೆ. ಬಂಗುಡೆ ಮತ್ತು ಇನ್ನೂ ಹಲವು ಮೀನುಗಳು ಮೊಟ್ಟೆ ಇಡುವ ಕಾಲವೂ ಇದೇ. ಒಂದು ತಾಯಿ ಮೀನಿನ ಹೊಟ್ಟೆಯಲ್ಲಿ ಸಾವಿರ ಸಾವಿರ ಮೊಟ್ಟೆ. ಆ ಮೀನು ಬಲೆಗೆ ಬಿದ್ದರೆ ಮೊಟ್ಟೆಯೂ ಬಿದ್ದಂತೆ.

ಅದಕ್ಕೇ ಸರಕಾರ ಒಂದು ನಿಯಮ ಮಾಡಿದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಮೀನು ಹಿಡಿಯಬಾರದು. ಒಟ್ಟು 61 ದಿನ. 2015ರಿಂದ ಹೀಗೆ 61 ದಿನ ಎಂದು ಆಗಿದೆ. ತಮಿಳುನಾಡು, ಆಂಧ್ರದ ಕಡೆ, ಅಂದರೆ ಪೂರ್ವ ಕರಾವಳಿಯಲ್ಲಿ, ಏಪ್ರಿಲ್ 15ರಿಂದ ಜೂನ್ 14ರವರೆಗೆ ರಜೆ.

ನಾಡದೋಣಿಗೆ ಈ ರಜೆ ಇಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ದೋಣಿಯೂ ಹೋಗಬಹುದು. ಅವರು ತೂಫಾನಿಗಾಗಿ ಕಾಯುತ್ತಾರೆ. ತೂಫಾನ್ ಎದ್ದು ಕಡಲಿನ ತಳ ಕದಡಬೇಕು. ಆಮೇಲೆ ಕಡಲು ಸ್ವಲ್ಪ ತಣಿಯಬೇಕು. ಆಗ ದಡದ ಹತ್ತಿರ ಸಿಗಡಿ ಬರುತ್ತದೆ. ಎರಡು ದಿನ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅದು ಕಷ್ಟದ ದುಡಿಮೆ. ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ.

ಮೊದಲು ರಜೆ ಕೊಡುತ್ತಿದ್ದದ್ದು ಯಾರು?

ಹಳೆಯ ಕಾಲದಲ್ಲಿ ಇಂಥ ಕಾನೂನು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಮಳೆಗಾಲದಲ್ಲಿ ಕಡಲೇ ದೋಣಿಯನ್ನು ಹೊರಗೆ ನಿಲ್ಲಿಸುತ್ತಿತ್ತು. ಅಷ್ಟು ದೊಡ್ಡ ತೆರೆ ದಾಟಿ ಹೋಗುವ ಶಕ್ತಿ ಹುಟ್ಟು ಹಾಕುವ ದೋಣಿಗೆ ಎಲ್ಲಿಂದ ಬರಬೇಕು? ದೋಣಿ ಎಳೆದು ಮಡಲಿನ ಚಪ್ಪರದ ಕೆಳಗೆ ಇಡುತ್ತಿದ್ದರು. ಮಳೆ ಮುಗಿದ ಮೇಲೆ ಸಮುದ್ರಪೂಜೆ. ಹಾಲು, ತೆಂಗಿನಕಾಯಿ ಅರ್ಪಿಸಿ, ಕೈ ಮುಗಿದು, ಮತ್ತೆ ದೋಣಿ ಇಳಿಸುತ್ತಿದ್ದರು. ಆ ಪೂಜೆ ಇಂದಿಗೂ ಇದೆ.

ಆಗಿನ ದೊಡ್ಡ ಬಲೆ ಎಂದರೆ ರಂಪಣಿ. ಅಜ್ಜಂದಿರನ್ನು ಕೇಳಿ, ಕಣ್ಣು ಅರಳಿಸಿ ಹೇಳುತ್ತಾರೆ. ರಂಪಣಿ ಒಬ್ಬರ ಬಲೆ ಅಲ್ಲ. ಹಲವು ಮನೆಯವರು ಒಂದೊಂದು ತುಂಡು ಬಲೆ ತರುತ್ತಿದ್ದರು. ಎಲ್ಲಾ ತುಂಡು ಸೇರಿಸಿ ಹೊಲಿದರೆ ಒಂದು ರಂಪಣಿ. ಮೈಲಿಯಷ್ಟು ಉದ್ದ ಎಂದು ಹೇಳುವುದುಂಟು.

ಒಬ್ಬ ಅನುಭವಸ್ಥ ದಡದಲ್ಲಿ ನಿಂತು ಕಡಲು ನೋಡುತ್ತಿದ್ದ. ನೀರಿನ ಬಣ್ಣ ಬದಲಾದರೆ, ಹಕ್ಕಿಗಳು ಒಂದೇ ಕಡೆ ಸುತ್ತಿದರೆ, ಮೀನಿನ ಹಿಂಡು ಬಂತು ಎಂದು ಲೆಕ್ಕ. ಅವನು ಕೂಗುತ್ತಿದ್ದ. ಊರೇ ಓಡುತ್ತಿತ್ತು. ದೋಣಿ ಬಲೆಯನ್ನು ಅರ್ಧ ಸುತ್ತು ಹಾಕಿ ಬರುತ್ತಿತ್ತು. ಎರಡು ತುದಿಯ ಹಗ್ಗವನ್ನು ದಡದಲ್ಲಿ ನಿಂತ ಜನ ಎಳೆಯುತ್ತಿದ್ದರು. ಐವತ್ತು ಜನ, ನೂರು ಜನ. ಮೀನು ಜಾಸ್ತಿ ಬಿದ್ದರೆ ಬಲೆಯನ್ನು ನೀರಿನಲ್ಲೇ ಕಟ್ಟಿ ಇಟ್ಟು, ಬೇಕಾದಷ್ಟೇ ತೆಗೆಯುತ್ತಿದ್ದರು. ಬಂಗುಡೆ, ಬೂತಾಯಿ ಜೀವಂತ ಇರುತ್ತಿತ್ತು.

ಆಮೇಲೆ ಪಾಲು. ಬಲೆಯ ತುಂಡು ಕೊಟ್ಟವರಿಗೆ ಪಾಲು. ಎಳೆದವರಿಗೆ ಪಾಲು. ಹಗ್ಗಕ್ಕೆ ಕೈ ಹಾಕಿದ ಪರವೂರಿನವನೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಯಾವ ದಡ ಯಾರದ್ದು, ಯಾರು ಮೊದಲು ಬಲೆ ಹಾಕಬೇಕು ಎನ್ನುವುದಕ್ಕೆ ಊರಿನವರೇ ಕೂತು ತೀರ್ಮಾನ ಮಾಡುತ್ತಿದ್ದರು.

ರಂಪಣಿಯ ಕಾಲ ಸ್ವರ್ಗ ಎಂದು ನಾನು ಹೇಳುವುದಿಲ್ಲ. ಎಳೆಯುವ ಕೂಲಿಗೆ ಸಿಗುತ್ತಿದ್ದ ಪಾಲು ಸಣ್ಣದು. ಮರಿ ಮೀನು ಅದರಲ್ಲೂ ಬೀಳುತ್ತಿತ್ತು. ಆದರೆ ಒಂದು ಮಾತು ನಿಜ. ಆ ಬಲೆ ದಡ ಬಿಟ್ಟು ದೂರ ಹೋಗುತ್ತಿರಲಿಲ್ಲ. ದಡಕ್ಕೆ ಬಂದ ಮೀನನ್ನು ಮಾತ್ರ ಹಿಡಿಯುತ್ತಿತ್ತು. ಉಳಿದದ್ದು ಕಡಲಿನಲ್ಲೇ ಉಳಿಯುತ್ತಿತ್ತು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಯಂತ್ರದ ಬೋಟು. ದೊಡ್ಡ ನೈಲಾನ್ ಬಲೆ. ಹಿಂಡು ಇದ್ದಲ್ಲಿಗೇ ಹೋಗಿ, ಸುತ್ತ ಬಲೆ ಬಿಟ್ಟು, ಕೆಳಗಿನಿಂದ ಚೀಲದ ಬಾಯಿಯ ಹಾಗೆ ಬಿಗಿದು ಎಳೆಯುವ ಬಲೆ. ಹಿಂಡಿಗೆ ಹಿಂಡೇ ಒಳಗೆ. ದಡದಲ್ಲಿ ಕಾದು ನಿಂತ ರಂಪಣಿಗೆ ಮೀನು ಬರುವುದೇ ನಿಂತಿತು. ಜಗಳ ಆಯಿತು, ಹೊಡೆದಾಟ ಆಯಿತು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಸಣ್ಣ ಕೈರಂಪಣಿ ಮಾತ್ರ ಕೆಲವು ಊರುಗಳಲ್ಲಿ ಈಗಲೂ ಇದೆ.

ಯಂತ್ರ ಬಂದ ಮೇಲೆ ಕಡಲು ಕೊಡುತ್ತಿದ್ದ ರಜೆಯೂ ಹೋಯಿತು. ದೊಡ್ಡ ಎಂಜಿನ್ನಿಗೆ ತೆರೆಯ ಹೆದರಿಕೆ ಕಡಿಮೆ. ಈಗ ಮನುಷ್ಯನೇ ರಜೆ ಕೊಡಬೇಕಾಯಿತು.

ಈ ರಜೆಯನ್ನು ಮೊದಲು ಕೇಳಿದವರು ಅಧಿಕಾರಿಗಳಲ್ಲ. ಮೀನುಗಾರರೇ. 1980ರ ದಶಕದಲ್ಲಿ ಕೇರಳದ ನಾಡದೋಣಿ ಮೀನುಗಾರರು ಬೀದಿಗೆ ಇಳಿದರು. "ಮಳೆಗಾಲದಲ್ಲಿ ಟ್ರಾಲ್ ಬೋಟು ನಿಲ್ಲಿಸಿ" ಎಂದು ಉಪವಾಸ ಕೂತರು, ರಸ್ತೆ ತಡೆದರು. 1988ರಲ್ಲಿ ಅಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಬಂತು. ನಮ್ಮಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಆದದ್ದು 1986ರಲ್ಲಿ.

ಒಂದು ಕಿಲೋ ಮರಿಯ ಲೆಕ್ಕ

ಇನ್ನೊಂದು ವಿಷಯ. ರಜೆ ಮುಗಿಯಿತು, ಆಗಸ್ಟ್ ಬಂತು. ಬೋಟು ಹೊರಟಿತು. ರಜೆಯಲ್ಲಿ ಹುಟ್ಟಿದ ಮರಿಗಳು ಈಗ ಬೆರಳುದ್ದ ಆಗಿವೆ. ಬಲೆಯ ಕಣ್ಣು ಸಣ್ಣದಾಗಿದ್ದರೆ ಅವೆಲ್ಲ ಬಲೆಯೊಳಗೆ. ಎರಡು ತಿಂಗಳು ಉಪವಾಸ ಕೂತು ಬೆಳೆಸಿದ್ದನ್ನು ಎರಡೇ ವಾರದಲ್ಲಿ ಬಾಚಿದ ಹಾಗೆ ಆಯಿತು.

ಈ ಮರಿಗಳನ್ನು ಯಾರು ತಿನ್ನುತ್ತಾರೆ? ಮನುಷ್ಯರು ತಿನ್ನುವುದು ಕಡಿಮೆ. ಹೆಚ್ಚಿನದು ಮೀನು ಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಕೋಳಿಗೆ, ಸಾಕುವ ಸಿಗಡಿಗೆ ಆಹಾರ. ಬೆಲೆ ಬಹಳ ಕಡಿಮೆ.

ಒಂದು ಲೆಕ್ಕ ಮಾಡೋಣ. ಪೆನ್ಸಿಲ್ ತೆಗೆದುಕೊಳ್ಳಿ.

ಮರಿ ಬಂಗುಡೆ ಒಂದು 25 ಗ್ರಾಂ ತೂಗುತ್ತದೆ ಎಂದು ಇಟ್ಟುಕೊಳ್ಳಿ. ಒಂದು ಕಿಲೋಗೆ 40 ಮರಿ. ಅವುಗಳನ್ನು ಹಿಡಿಯದೆ ಬಿಟ್ಟಿರಿ. ಎಲ್ಲವೂ ಬದುಕುವುದಿಲ್ಲ. ದೊಡ್ಡ ಮೀನು ತಿನ್ನುತ್ತದೆ, ರೋಗ ಬರುತ್ತದೆ. ಅರ್ಧ ಸತ್ತವು ಎನ್ನಿ. ಉಳಿದದ್ದು 20. ಬೆಳೆದ ಮೇಲೆ ಒಂದೊಂದು 125 ಗ್ರಾಂ. ಅಂದರೆ ಕಿಲೋಗೆ 8 ಮೀನು. 20 ಮೀನು ಎಂದರೆ ಎರಡೂವರೆ ಕಿಲೋ. ಒಂದು ಕಿಲೋ ಬಿಟ್ಟದ್ದಕ್ಕೆ ಎರಡೂವರೆ ಕಿಲೋ ಬಂತು. ಅದೂ ಪುಡಿ ಮಾಡುವ ಮೀನಲ್ಲ, ಮಾರ್ಕೆಟಿನಲ್ಲಿ ಒಳ್ಳೆ ಬೆಲೆ ಬರುವ ಮೀನು. ನಿಮ್ಮ ಊರಿನ ಇವತ್ತಿನ ಎರಡು ಬೆಲೆ ಹಾಕಿ ಗುಣಿಸಿ ನೋಡಿ. ನಡುವೆ ಕೆಲವು ಮೊಟ್ಟೆ ಇಟ್ಟಿರುತ್ತವೆ. ಅದನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಹಾಗಾದರೆ ಎಷ್ಟು ಉದ್ದದ ಮೀನು ಹಿಡಿಯಬಹುದು? ಕೊಚ್ಚಿಯಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳು ಅಳೆದು ನೋಡಿ ಹೇಳಿದ್ದಾರೆ. ಬೂತಾಯಿ 10 ಸೆಂಟಿಮೀಟರ್‌ಗಿಂತ ಸಣ್ಣದಿದ್ದರೆ ಬಿಡಬೇಕು. ಬಂಗುಡೆ 14 ಸೆಂಟಿಮೀಟರ್‌ಗಿಂತ ಸಣ್ಣದಿದ್ದರೆ ಬಿಡಬೇಕು. ಕೇರಳ ಸರಕಾರ 2015ರಲ್ಲಿ ಇದನ್ನು ನಿಯಮ ಮಾಡಿತು.

ಕೇರಳಕ್ಕೆ ಅಷ್ಟು ಅವಸರ ಯಾಕೆ ಗೊತ್ತೇ? 2012ರಲ್ಲಿ ಕೇರಳದಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. ಆಮೇಲೆ ಇಳಿಯತೊಡಗಿತು. 2021ರಲ್ಲಿ ಸಿಕ್ಕಿದ್ದು ಬರೀ ಮೂರೂವರೆ ಸಾವಿರ ಟನ್ನಿನಷ್ಟು. ನೂರು ಬುಟ್ಟಿ ಬರುತ್ತಿದ್ದ ಕಡೆ ಒಂದು ಬುಟ್ಟಿಯೂ ತುಂಬಲಿಲ್ಲ! ಬಡವರ ಮೀನು ಬಡವರಿಗೇ ಇಲ್ಲದಾಯಿತು. ಇದಕ್ಕೆ ಬಲೆ ಒಂದೇ ಕಾರಣ ಎಂದು ಹೇಳಬಾರದು. ಕಡಲಿನ ನೀರು ಬಿಸಿಯಾದದ್ದು, ಮಳೆ ಹೆಚ್ಚು ಕಡಿಮೆ ಆದದ್ದು ಕೂಡ ಕಾರಣ. ಬೂತಾಯಿ ಹಿಂದೆಯೂ ಕಣ್ಣುಮುಚ್ಚಾಲೆ ಆಡಿದ ಮೀನು. ಆದರೆ ಕಷ್ಟದ ವರ್ಷದಲ್ಲಿ ಮರಿಯನ್ನೂ ಬಾಚಿದರೆ ಮತ್ತೆ ಏಳುವುದು ತಡವಾಗುತ್ತದೆ. ಬಿಸಿಲನ್ನು ನಾವು ತಡೆಯಲಾರೆವು. ಬಲೆಯನ್ನು ತಡೆಯಬಹುದು.

ಬಲೆಯ ಕಣ್ಣಿನ ಬಗ್ಗೆ ಒಂದು ಮಾತು. ಟ್ರಾಲ್ ಬಲೆಯ ಕೊನೆಗೆ ಚೀಲದಂಥ ಭಾಗ ಇರುತ್ತದೆ. ಮೀನೆಲ್ಲ ಬಂದು ಸೇರುವುದು ಅಲ್ಲಿ. ಸಾಮಾನ್ಯ ಬಲೆಯ ಕಣ್ಣು ಗಾಳಿಪಟದ ಆಕಾರ. ಬೋಟು ಎಳೆದಾಗ ಆ ಕಣ್ಣು ಬಿಗಿದು ಮುಚ್ಚಿಕೊಳ್ಳುತ್ತದೆ. ಮರಿಗೆ ಹೊರಗೆ ಹೋಗಲು ದಾರಿ ಇಲ್ಲ. ಚೌಕ ಕಣ್ಣಿನ ಬಲೆಯಾದರೆ ಎಷ್ಟೇ ಎಳೆದರೂ ಕಣ್ಣು ತೆರೆದೇ ಇರುತ್ತದೆ. ಮರಿ ನುಸುಳಿ ಹೋಗುತ್ತದೆ. ಅದಕ್ಕೇ ಆ ಭಾಗಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಬೇಕು ಎನ್ನುವುದು. ಬಲೆ ಪೂರ್ತಿ ಬದಲಾಯಿಸಬೇಕಿಲ್ಲ. ಚೀಲ ಮಾತ್ರ ಬದಲಾಯಿಸಿದರೆ ಸಾಕು.

"ನಾನೊಬ್ಬ ಬಿಟ್ಟರೆ ಪಕ್ಕದ ಬೋಟಿನವನು ಹಿಡೀತಾನೆ. ನನಗೇನು ಬಂತು?"

ಈ ಮಾತಿಗೆ ಸುಲಭದ ಉತ್ತರ ಇಲ್ಲ. ಅವನು ಹೇಳುವುದು ಸರಿಯೇ. ಒಬ್ಬ ಬಿಟ್ಟರೆ ಆಗುವುದಿಲ್ಲ. ಎಲ್ಲರೂ ಬಿಡಬೇಕು. ಎಲ್ಲರೂ ಬಿಟ್ಟಿದ್ದಾರೆ ಎಂದು ಎಲ್ಲರಿಗೂ ಗೊತ್ತಾಗಬೇಕು. ಕಾನೂನಿನ ಪುಸ್ತಕ ಒಂದೇ ಈ ಕೆಲಸ ಮಾಡಲಾರದು. ಬೆಳಕು ಮೀನುಗಾರಿಕೆಯನ್ನೇ ನೋಡಿ. ರಾತ್ರಿ ದೊಡ್ಡ ಎಲ್‌ಇಡಿ ದೀಪ ಹಾಕಿ ಮೀನನ್ನು ಸೆಳೆದು, ಮರಿ ಸಮೇತ ಹಿಡಿಯುತ್ತಾರೆ. ಬುಲ್ ಟ್ರಾಲ್ ಎಂದರೆ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಎರಡನ್ನೂ ನಿಷೇಧಿಸಿತು. ಆದರೂ ಅದರ ಮೇಲೆ ಜಗಳ, ದೂರು, ಮೆರವಣಿಗೆ ನಿಂತಿಲ್ಲ. ಇಷ್ಟು ದೊಡ್ಡ ಕಡಲಿನಲ್ಲಿ ಪ್ರತಿ ಬೋಟಿನ ಹಿಂದೆ ಪೊಲೀಸರು ಹೋಗಲು ಆಗುತ್ತದೆಯೇ?

ಅಷ್ಟಮುಡಿಯ ಬಳಚು

ಎಲ್ಲರೂ ಸೇರಿ ಬಿಟ್ಟರೆ ಏನಾಗುತ್ತದೆ? ಅದಕ್ಕೊಂದು ನಿಜವಾದ ಉದಾಹರಣೆ ಉಂಟು. ಮೀನಿನದಲ್ಲ, ಬಳಚಿನದು. ಮಂಗಳೂರಿನ ಕಡೆ ಇದಕ್ಕೆ ಮರುವಾಯಿ ಎನ್ನುತ್ತಾರೆ.

ಕೇರಳದ ಕೊಲ್ಲಂ ಹತ್ತಿರ ಅಷ್ಟಮುಡಿ ಎಂಬ ದೊಡ್ಡ ಹಿನ್ನೀರು ಇದೆ. ಅಲ್ಲಿ ಬಳಚು ಹೆಕ್ಕಿ ಸುಮಾರು ಮೂರು ಸಾವಿರ ಜನ ಬದುಕುತ್ತಿದ್ದರು. 1980ರ ದಶಕದಲ್ಲಿ ಬಳಚಿನ ಮಾಂಸ ಹೊರದೇಶಕ್ಕೆ ಹೋಗತೊಡಗಿತು. ಬೆಲೆ ಏರಿತು. ಹೆಕ್ಕುವವರೂ ಹೆಚ್ಚಿದರು. 1991ರಲ್ಲಿ ಸುಮಾರು 10 ಸಾವಿರ ಟನ್ ಬಳಚು ಸಿಕ್ಕಿತು. ಎರಡೇ ವರ್ಷ. 1993ರಲ್ಲಿ ಅದು ಅರ್ಧಕ್ಕೆ ಇಳಿಯಿತು. ಬುಟ್ಟಿಯಲ್ಲಿ ಬರುವುದೆಲ್ಲ ಮರಿ.

ಜನರಿಗೆ ಹೆದರಿಕೆ ಆಯಿತು. ಹೆಕ್ಕುವವರು, ವಿಜ್ಞಾನಿಗಳು, ಸರಕಾರದವರು ಕೂತು ಮಾತಾಡಿದರು. ಮೂರು ಮಾತು ಒಪ್ಪಿದರು. ಮೊದಲನೆಯದು, ಬಳಚು ಮರಿ ಮಾಡುವ ಡಿಸೆಂಬರಿನಿಂದ ಫೆಬ್ರವರಿವರೆಗೆ ಹೆಕ್ಕುವುದಿಲ್ಲ. ಎರಡನೆಯದು, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಸಣ್ಣದಿರಬಾರದು. ಇನ್ನೊಂದು, ಒಂದು ಕಿಲೋ ಮಾಂಸಕ್ಕೆ 1400ಕ್ಕಿಂತ ಹೆಚ್ಚು ಬಳಚು ಬೇಕಾಗುವಷ್ಟು ಸಣ್ಣದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಈ ಕೊನೆಯ ಮಾತು ಜಾಣತನದ್ದು. ಕೊಳ್ಳುವವನೇ ಮರಿ ಬೇಡ ಎಂದರೆ ಹೆಕ್ಕುವವನು ಯಾಕೆ ಹೆಕ್ಕುತ್ತಾನೆ?

ಬಳಚು ಮತ್ತೆ ತುಂಬಿತು. 2014ರ ನವೆಂಬರಿನಲ್ಲಿ ಮರೈನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್ ಎಂಬ ಲಂಡನ್ನಿನ ಸಂಸ್ಥೆ ಅಷ್ಟಮುಡಿಯ ಬಳಚಿಗೆ ಪ್ರಮಾಣಪತ್ರ ಕೊಟ್ಟಿತು. "ಇವರು ಕಡಲನ್ನು ಬರಿದು ಮಾಡದೆ ಹಿಡಿಯುತ್ತಾರೆ" ಎಂದು ಅದರ ಅರ್ಥ. ಭಾರತದಲ್ಲಿ ಮೊದಲು ಈ ಪತ್ರ ಸಿಕ್ಕಿದ್ದು ಈ ಬಳಚು ಹೆಕ್ಕುವವರಿಗೆ.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಆಮೇಲೆ ಅಷ್ಟಮುಡಿಗೆ ಕೊಳಕು ನೀರು ಬಂತು, ನೀರಿನ ಗುಣ ಬದಲಾಯಿತು. ಬಳಚು ಮತ್ತೆ ಕಡಿಮೆಯಾಯಿತು. ಇತ್ತೀಚಿನ ವರ್ಷಗಳಲ್ಲಿ ವಿಜ್ಞಾನಿಗಳು ಮರಿ ಬಳಚು ಬೆಳೆಸಿ ಹಿನ್ನೀರಿನಲ್ಲಿ ಬಿತ್ತುತ್ತಿದ್ದಾರೆ. ಹೆಕ್ಕುವವರು ತಮ್ಮ ಕೈ ಹಿಡಿದರೂ, ಊರಿನ ಚರಂಡಿ ಅವರ ಕೈಯಲ್ಲಿ ಇರಲಿಲ್ಲ.

ಈಗ ನಮ್ಮ ಅಘನಾಶಿನಿಗೆ ಬನ್ನಿ. ಶಿರಸಿಯ ಕಡೆ ಹುಟ್ಟಿ, ಕುಮಟಾ ತಾಲೂಕಿನಲ್ಲಿ ಕಡಲು ಸೇರುವ ನದಿ. ಅಣೆಕಟ್ಟು ಇಲ್ಲದೆ ಹರಿಯುತ್ತದೆ. ಅದರ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೋಗಿ ನೋಡಿ. ಹೆಂಗಸರು ಸೊಂಟದವರೆಗೆ ನೀರಿನಲ್ಲಿ ನಿಂತಿರುತ್ತಾರೆ. ಕಾಲಿನಲ್ಲಿ ಮರಳು ತಡವಿ ಬಳಚು ಎಲ್ಲಿದೆ ಎಂದು ತಿಳಿಯುತ್ತಾರೆ. ಬಗ್ಗಿ ಹೆಕ್ಕಿ ಬುಟ್ಟಿಗೆ ಹಾಕುತ್ತಾರೆ. ಬಂಡವಾಳ ಬೇಡ, ಬೋಟು ಬೇಡ. ಮಳೆಗಾಲದ ಸಾಲ ತೀರಿಸಲು ಎಷ್ಟೋ ಮನೆಗೆ ಈ ಬುಟ್ಟಿಯೇ ಆಧಾರ. ದಡದಲ್ಲಿ ಕಾಂಡ್ಲಾ ಕಾಡು. ಅದರ ಬೇರಿನ ಸಂದಿಯಲ್ಲಿ ಮೀನಿನ ಮರಿ, ಸಿಗಡಿ ಮರಿ ಅಡಗಿ ಬೆಳೆಯುತ್ತವೆ. ಪಕ್ಕದ ಗಜನಿ ಗದ್ದೆಯಲ್ಲಿ ಉಪ್ಪು ನೀರು ತಡೆಯುವ ಕಗ್ಗ ಭತ್ತ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಲೋಕಕ್ಕೇ ಮುಖ್ಯವಾದ ಜೌಗು ಜಾಗ ಎಂದು ಲೆಕ್ಕ.

ಪಟ್ಟಿಗೆ ಸೇರಿದ ಮಾತ್ರಕ್ಕೆ ಬಳಚು ಉಳಿಯುತ್ತದೆಯೇ? ಮರಳನ್ನೋ ಚಿಪ್ಪನ್ನೋ ಯಂತ್ರದಿಂದ ಅಗೆದರೆ ಮರಿಯೂ ಹೋಗುತ್ತದೆ, ಮರಿ ಕೂರುವ ನೆಲವೂ ಹೋಗುತ್ತದೆ. ಅಷ್ಟಮುಡಿಯವರು ಒಪ್ಪಿದಂಥ ಮಾತನ್ನು ಇಲ್ಲಿನ ಹೆಂಗಸರೂ ಕೂತು ಆಡಬಹುದು. ಯಾವ ತಿಂಗಳು ಬಿಡುವುದು, ಯಾವ ಜಾಗ ಮುಟ್ಟದೆ ಇಡುವುದು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ರಜೆಯ ಖರ್ಚು ಯಾರ ತಲೆಗೆ?

ಮೊದಲು ಕೇಳಿದ ಪ್ರಶ್ನೆಗೆ ಮತ್ತೆ ಬರೋಣ. ಪುಸ್ತಕಕ್ಕೆ ದುಡ್ಡೆಲ್ಲಿ, ಕೊಡೆಗೆ ದುಡ್ಡೆಲ್ಲಿ?

ರಜೆಯಲ್ಲಿ ಬೋಟಿನ ಮಾಲೀಕನಿಗೂ ನಷ್ಟ ಉಂಟು. ಆದರೆ ಬಲೆ ಎಳೆಯುವವನಿಗೆ, ಮೀನು ಹೊರುವವನಿಗೆ, ಬುಟ್ಟಿ ಹೊತ್ತು ಮಾರುವ ಹೆಂಗಸಿಗೆ ಊಟದ್ದೇ ಪ್ರಶ್ನೆ. ರಜೆಯ ಲಾಭ ಎಲ್ಲರಿಗೂ, ಕಷ್ಟ ಮಾತ್ರ ಬಡವನಿಗೆ ಎಂದಾದರೆ ಅದು ನ್ಯಾಯವಲ್ಲ. ಅದಕ್ಕಾಗಿ ಉಳಿತಾಯ ಮತ್ತು ಪರಿಹಾರ ಎಂಬ ಯೋಜನೆ ಇದೆ. ದುಡಿಮೆ ಇರುವ ತಿಂಗಳುಗಳಲ್ಲಿ ಮೀನುಗಾರ ಸ್ವಲ್ಪ ಸ್ವಲ್ಪ ಕಟ್ಟುತ್ತಾನೆ. ಸರಕಾರ ಅದಕ್ಕೆ ತನ್ನ ಪಾಲು ಸೇರಿಸುತ್ತದೆ. ರಜೆಯ ತಿಂಗಳುಗಳಲ್ಲಿ ಆ ಹಣ ಕೈಗೆ ಬರಬೇಕು. ಹಣ ದೊಡ್ಡದಲ್ಲ, ಸಮಯಕ್ಕೆ ಬರುವುದೂ ಅನುಮಾನ ಎನ್ನುವ ದೂರು ಹಳೆಯದು. ಆದರೂ ಬಿಡಬಾರದು.

ನೀವು ಈಗ ಓದಲು ಕಲಿತಿದ್ದೀರಿ. ನಿಮ್ಮ ಊರಿನ ಮೀನುಗಾರರ ಸಹಕಾರ ಸಂಘಕ್ಕೆ ಹೋಗಿ. ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ನೀವೇ ಓದಿ ನೋಡಿ. ಪಾಸ್ ಪುಸ್ತಕದಲ್ಲಿ ಕಟ್ಟಿದ್ದು ಬರೆದಿದೆಯೇ ನೋಡಿ. ಮೀನು ಮಾರುವ ಹೆಂಗಸರಿಗೆ ಏನು ಸಿಗುತ್ತದೆ ಎಂದು ಕೇಳಿ. ಬಂದರಿನ ಗೋಡೆಯ ಮೇಲೆ ನೋಟೀಸು ಅಂಟಿಸಿರುತ್ತಾರೆ. ಯಾವ ತಾರೀಕಿನಿಂದ ಯಾವ ತಾರೀಕಿಗೆ ರಜೆ, ಯಾವ ಬಲೆ ಬೇಡ ಎಂದು ಅದರಲ್ಲಿ ಇರುತ್ತದೆ. ಓದಿ, ಓದು ಬಾರದ ಪಕ್ಕದವರಿಗೂ ಹೇಳಿ.

ಇನ್ನೊಂದು ಸಣ್ಣ ಕೆಲಸ. ಮಗುವಿನ ಶಾಲೆಯ ಅಳತೆ ಪಟ್ಟಿ ತೆಗೆದುಕೊಳ್ಳಿ. ದೋಣಿಯ ಹಲಗೆಯ ಮೇಲೆ ಮೊಳೆಯಲ್ಲಿ ಮೊದಲು ಒಂದು ಗೀರು ಎಳೆಯಿರಿ. ಅಲ್ಲಿಂದ 10 ಸೆಂಟಿಮೀಟರ್ ಅಳೆದು ಇನ್ನೊಂದು ಗೀರು. ಅದು ಬೂತಾಯಿಗೆ. ಮೊದಲಿನ ಗೀರಿನಿಂದಲೇ 14 ಸೆಂಟಿಮೀಟರಿಗೆ ಮತ್ತೊಂದು. ಅದು ಬಂಗುಡೆಗೆ. ಮೊದಲ ಬಲೆ ಎಳೆದ ಕೂಡಲೇ ನಾಲ್ಕು ಮೀನು ತೆಗೆದು ಅಲ್ಲಿ ಇಟ್ಟು ನೋಡಿ. ಮೂತಿ ಮೊದಲ ಗೀರಿಗೆ ತಾಗಿರಬೇಕು. ಬಾಲ ಗೀರು ಮುಟ್ಟದಿದ್ದರೆ ಆ ಹಿಂಡು ಇನ್ನೂ ಮರಿ. ಬಲೆ ಬಿಚ್ಚಿ, ಬೇರೆ ಕಡೆ ಹೋಗಿ.